ತೋರುಬೆರಳಿಗೆ ಹೊಸ ಕೆಲಸ

ಬೆಳಗಿನ ಐದಕ್ಕೆ ಅಂಗಡಿ ತೆರೆಯುತ್ತೇನೆ. ಮೊದಲು ಕಾಫಿ,
ಆಮೇಲೆ ಮರಿಮೀನಿನ ತೊಟ್ಟಿಗೆ ಗಾಳಿಯೂದುವ ಯಂತ್ರ,
ಆಮೇಲೆ ದೇವರು. ಟೊಲೆಡೊ ಬೆಂಡ್ ಸರೋವರದ
ಲೂಸಿಯಾನಾ ದಂಡೆಯಲ್ಲಿ ಇದೇ ಕ್ರಮ.

ಕ್ಲೊವಿಸ್ ಫಾಂಟೆನೊ ಬಂದ. ಜುಲೈ ಆದಮೇಲೆ ಇದೇ ಮೊದಲು.
ಜೇಬಿನಿಂದ ಬಲಗೈ ತೆಗೆಯಲಿಲ್ಲ.
ಎಡಗೈಯಲ್ಲಿ ತಂದ ಹಳೇ ರೀಲನ್ನು
ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟು,
"ಮಾರಿಕೊಡು" ಅಂದ.

ಊರಿಗೆಲ್ಲ ಗೊತ್ತು. ಮರದ ಮಿಲ್ಲಿನಲ್ಲಿ
ಹೆಬ್ಬೆರಳು ಕೇಳಿದ್ದು ಗುರುವಲ್ಲ, ಗರಗಸ.
ಕೊಟ್ಟ. ಕೊಡದೆ ಏನು ಮಾಡ್ತಾನೆ.

ಆ ರೀಲಿನ ಪ್ರಾಣವೇ ಹೆಬ್ಬೆರಳು.
ಗಾಳ ಹಾರುವಾಗ ಗಿರ್ರನೆ ಸುತ್ತುವ ಉರುಳೆಯನ್ನು
ಮುಟ್ಟಿಯೂ ಮುಟ್ಟದ ಹಾಗೆ ಸವರುತ್ತಿರಬೇಕು,
ನಿದ್ದೆ ಹತ್ತುತ್ತಿರುವ ಕೂಸಿನ ಬೆನ್ನು ಸವರಿದ ಹಾಗೆ.
ಕೂದಲೆಳೆ ತಪ್ಪಿದರೆ ದಾರವೆಲ್ಲ ಗುಬ್ಬಿಗೂಡು;
ಬಿಡಿಸುವಷ್ಟರಲ್ಲಿ ಬಿಸಿಲೇರಿರುತ್ತದೆ.
ಇಪ್ಪತ್ತೆಂಟು ವರ್ಷದಲ್ಲಿ ಅವನ ಗುಬ್ಬಿ ಗೂಡು ಕಟ್ಟಿದ್ದು ಎರಡೇ ಸಲ,
ಎರಡಕ್ಕೂ ಅವನ ಹತ್ತಿರ ಕಾರಣವಿತ್ತು.

ತೆರೆದ ಮುಖದ ರೀಲಿಗೆ ಅವನಿಟ್ಟ ಹೆಸರು
ಮಕ್ಕಳ ಗಿರಗಿಟ್ಲೆ.
ಅದನ್ನೇ ಈಗ ಗಾಜಿನ ಕಪಾಟಿನಿಂದ ತೆಗೆದು ಎದುರಿಗಿಟ್ಟೆ.
ನಾನು ನಗಲಿಲ್ಲ. ಅವನೂ ನಗಲಿಲ್ಲ.
ತೊಟ್ಟಿ ಗುಳುಗುಳು ಅನ್ನುತ್ತಿತ್ತು.
"ಇದಕ್ಕೆ ತೋರುಬೆರಳು ಸಾಕು," ಅಂದೆ.
"ದಾರ ಎತ್ತಿ ಹಿಡಿ, ಬೀಸು, ಬಿಡು."
"ಕಂಡವರ ತಪ್ಪು ತೋರಿಸೋದಕ್ಕೆ ಇಟ್ಟುಕೊಂಡಿದ್ದೆ
ಈ ಬೆರಳನ್ನ," ಅಂದ.

ರಾಡಿಗೆ ನನ್ನ ಸಲಹೆ ಕೇಳಲಿಲ್ಲ.
ಗೋಡೆಗುಂಟ ನಿಂತ ಒಂದೊಂದನ್ನೂ ತೆಗೆದು
ತುದಿಯನ್ನು ಚಾವಣಿಗೊತ್ತಿ ಬಾಗಿಸಿ ನೋಡಿದ.
ಒಂದು ದೊಣ್ಣೆ ಅಂದ, ಇನ್ನೊಂದು ಬೆಂದ ಶಾವಿಗೆ.
ಏಳಡಿಯದು, ಮಧ್ಯಮ ಕಸುವು, ಚುರುಕು ತುದಿ:
ಅದನ್ನು ಹಿಡಿದವನು ಎಷ್ಟೋ ಹೊತ್ತು ಸುಮ್ಮನೆ ನಿಂತ.
ಬಲಗೈ ಜೇಬಿನಿಂದ ಹೊರಗೆ ಬಂದದ್ದು ಆಗಲೇ,
ಅವನಿಗೇ ಗೊತ್ತಾಗದೆ.

ದಾರದ ಮಾತು ಬೇರೆ. ಮುಳುಗಿದ ಕಾಡು ಇದು,
ಸತ್ತ ಮರಗಳು ನೀರೊಳಗೆ ನಿಂತೇ ಇವೆ.
ಹಿಗ್ಗುವ ನೈಲಾನ್ ಬೇಡ. ಹೆಣೆದದ್ದು, ಹದಿನೈದು ಪೌಂಡಿನದು;
ಕೊನೆಗೆ ಒಂದು ಮಾರು, ನೀರಲ್ಲಿ ಕಾಣದ ಫ್ಲೋರೋಕಾರ್ಬನ್.
ಮೀನಿಗೆ ಕಣ್ಣಿದೆ, ಬೊಡ್ಡೆಗೆ ಹಲ್ಲಿದೆ.

ರಬ್ಬರ್ ಹುಳುಗಳ ಗೋಡೆಯೆದುರು ಹಳೇ ಕ್ಲೊವಿಸ್ ಬಂದುಬಿಟ್ಟ:
ಕಲ್ಲಂಗಡಿ ಹಸಿರನ್ನು ಮೂಸಿದ, ಕಿತ್ತಳೆಯನ್ನು ಬೈದ.
"ಇದು ಮೀನು ಹಿಡಿಯೋದಲ್ಲ, ಗಿರಾಕಿ ಹಿಡಿಯೋದು."
ನೀರು ಕದಡಿದೆಯೆಂದು ಕಡುನೇರಳೆ ಆರಿಸಿದ.

ಗಂಟು ತಾನೇ ಹಾಕುತ್ತೇನೆಂದ.
ಹಲ್ಲಲ್ಲಿ ಒಂದೆಳೆ, ಎಡಗೈಯಲ್ಲೊಂದು,
ಎಂಜಲು ಹಚ್ಚಿ ಬಿಗಿದ. ಜಾರಿತು. ಮತ್ತೆ.
ನಾನು ತೊಟ್ಟಿಯ ಮರಿಮೀನು ಎಣಿಸತೊಡಗಿದೆ.
ಮರಿಮೀನು ಯಾರಿಗೂ ಎಣಿಸಲಾಗುವುದಿಲ್ಲ. ಎಣಿಸಿದೆ.

ಹೊರಗೆ, ಟ್ರಕ್ಕುಗಳ ನಡುವೆ, ಸೀಸದ ಗುಂಡು ಕಟ್ಟಿ ಬೀಸಿ ನೋಡಿದ.
ಮೊದಲನೆಯದು ಐಸ್ ಪೆಟ್ಟಿಗೆಯ ಮೇಲೆ, ಢಣ್.
ಎರಡನೆಯದು ಪಾದ್ರಿಯ ಕಾರು.
ಮೂರನೆಯದನ್ನು ನಾನು ನೋಡಲಿಲ್ಲ, ಫೋನ್ ಬಂತು.
ಬೋಟು ಹೋದ ಸದ್ದು ಮಾತ್ರ ಕೇಳಿಸಿತು.

ಮಧ್ಯಾಹ್ನ ಲೆಕ್ಕ ಬರೆಯುತ್ತಿದ್ದಾಗ ಎದೆ ಧಸಕ್ಕೆಂದಿತು:
ರಾಡು, ರೀಲು, ದಾರ, ಹುಳು, ಎಲ್ಲ ಸರಿ,
ದೋಣಿಯ ಪಕ್ಕಕ್ಕೆ ಬಂದ ಬ್ಯಾಸನ್ನು ಎತ್ತುವುದು ಹೇಗೆ?
ಬಾಯೊಳಗೆ ಹೆಬ್ಬೆರಳಿಟ್ಟು, ಕೆಳದವಡೆ ಹಿಡಿದೇ
ಇಲ್ಲಿ ಎಲ್ಲರೂ ಎತ್ತುವುದು.
ಬಲೆ ಮಾರಲು ನನಗೆ ನೆನಪಾಗಲಿಲ್ಲ,
ಕೇಳಲು ಅವನಿಗೆ.

ಸಂಜೆ ಬಾಗಿಲ ಗಂಟೆ ಅಲುಗಿತು.
ಏನೂ ಹೇಳದೆ ಎಡಗೈ ಚಾಚಿದ.
ಹೆಬ್ಬೆರಳ ಒಳಮೈ ಮರಳುಕಾಗದ ಉಜ್ಜಿದ ಹಾಗೆ
ತರಚಿ ಕೆಂಪಗಿತ್ತು, ಬ್ಯಾಸಿನ ಸಣ್ಣ ಹಲ್ಲುಗಳ ರುಜು.
ಎಷ್ಟು ಮೀನು ಅಂತ ಕೇಳಲಿಲ್ಲ.
"ಅದೇ ಬಣ್ಣ," ಅಂದ, "ಇನ್ನೊಂದು ಪ್ಯಾಕೆಟ್ಟು."

ಚಿಲ್ಲರೆ ಹುಡುಕುತ್ತಿದ್ದೆ. ಪಕ್ಕದಲ್ಲೇ ಹಳೇ ರೀಲು,
ಬೆಲೆಚೀಟಿ ಅಂಟಿಸಿಕೊಂಡು.
ಅದರ ಉರುಳೆಯ ಮೇಲೆ ಆ ತರಚಿದ ಬೆರಳನ್ನು
ಒಮ್ಮೆ ಇಟ್ಟು ನೋಡಿದ.

ನಾನು ಬೇಗಬೇಗ ಮರಿಮೀನು ಎಣಿಸಿದೆ.